ಬೋರ್ಡು ಹಳೆಯದೇ ಇರಲಿ, ರೈಜೆನ್ ಪ್ರೊಸೆಸರ್ ಮಾತ್ರ ಬದಲಿಸಿದವರು ಇದ್ದೀರಾ?

ಪ್ರಶ್ನೆ, ವಿಜಯಪುರದಿಂದ

ನಮಸ್ಕಾರ. ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್ ಪುಸ್ತಕ ಇವೇ ಕೆಲಸ. 2018ರ ಕೊನೆಗೆ ಕೊಂಡ ಕಂಪ್ಯೂಟರಿನಲ್ಲಿ ಎಎಂಡಿ ಕಂಪನಿಯ ರೈಜೆನ್ 3 2200ಜಿ ಪ್ರೊಸೆಸರ್ ಇದೆ, ಮದರ್‌ಬೋರ್ಡು ಬಿ450 ಬಗೆಯದು, 8 ಜಿಬಿಯ ಒಂದೇ ರ‍್ಯಾಮ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ವಿಂಡೋಸ್ 11 ಹಾಕಲು ಹೋದರೆ ಈ ಪ್ರೊಸೆಸರ್ ನಡೆಯುವುದಿಲ್ಲ ಎನ್ನುತ್ತದೆ. ಕೇಳಿದ ಕಡೆಯಲ್ಲೆಲ್ಲ ಪೂರ್ತಿ ಹೊಸದನ್ನೇ ತೆಗೆದುಕೊಳ್ಳಿ ಎನ್ನುತ್ತಾರೆ. ಪ್ರೊಸೆಸರ್ ಒಂದನ್ನೇ ಬದಲಿಸಿದರೆ ಸಾಲದೇ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ.

ಇಳಕಲ್ಲಿನಿಂದ

ಅಣ್ಣಾವರೇ, ಸಾಕು. ನಾನು ಸೀರೆಯ ದಡಿ, ಸೆರಗಿನ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬರೆಯುವವನು. ನಿಮ್ಮ ಬೋರ್ಡಿನಂಥದ್ದೇ ಬೋರ್ಡಿನಲ್ಲಿ ಈ ಬದಲಾವಣೆ ಮಾಡಿ ಎರಡು ವರ್ಷ ದಾಟಿತು. ರೈಜೆನ್ ಕುಟುಂಬದ ದೊಡ್ಡ ಗುಣವೇ ಇದು: 2017ರಲ್ಲಿ ಬಂದ ಮೊದಲ ಪೀಳಿಗೆಯೂ 2020ರ ಕೊನೆಗೆ ಬಂದ 5000 ಸರಣಿಯೂ ಕೂರುವುದು ಬೋರ್ಡಿನ ಒಂದೇ ಬಗೆಯ ಗೂಡಿನಲ್ಲಿ, ಅಂದರೆ ಎಎಂ4 ಸಾಕೆಟ್‌ನಲ್ಲಿ. ಹೊಸ ಎಎಂ5 ಸಾಕೆಟ್‌ಗೆ ಹೋದರೆ ಬೋರ್ಡೂ ಹೊಸದು, ಅದು ಹೊಸ ಬಗೆಯ ಡಿಡಿಆರ್5 ಮೆಮೊರಿ ಮಾತ್ರ ಒಪ್ಪುವುದರಿಂದ ರ‍್ಯಾಮೂ ಹೊಸದು. ಲಗ್ನಪತ್ರಿಕೆಗೆ ಅಷ್ಟು ಖರ್ಚು ಬೇಡ.

ಆದರೆ ಹೆಸರಿನ ಮುಂದಿನ ಸಂಖ್ಯೆಯನ್ನು ನಂಬಬೇಡಿ. ನಿಮ್ಮ 2200ಜಿಯನ್ನೇ ನೋಡಿ. ಸಂಖ್ಯೆ 2000ದ್ದು, ಒಳಗಿರುವುದು ಮೊದಲ ಪೀಳಿಗೆಯ ಝೆನ್ ಕೋರ್ (ಲೆಕ್ಕ ಮಾಡುವ ಭಾಗ). ಅದೇ ಸರಣಿಯ 2600ರಲ್ಲಿರುವುದು ಅದರ ಮುಂದಿನ ಝೆನ್ ಪ್ಲಸ್. ವಿಂಡೋಸ್ 11ರ ಪಟ್ಟಿಯಲ್ಲಿ 2600 ಇದೆ, ನಿಮ್ಮದು ಇಲ್ಲ. ಕೊನೆಯ ಅಕ್ಷರವನ್ನು ಓದಬೇಕು. 'ಜಿ' ಇದ್ದರೆ ಚಿಪ್ಪಿನೊಳಗೇ ಗ್ರಾಫಿಕ್ಸ್ ಉಂಟು. 5000 ಸರಣಿಯಲ್ಲಿ ಆ ಅಕ್ಷರ ಇಲ್ಲದಿದ್ದರೆ ಬೇರೆ ಕಾರ್ಡ್ ಬೇಕೇ ಬೇಕು.

ಇದನ್ನು ನಾನು ಕಷ್ಟಪಟ್ಟು ಕಲಿತೆ. ಮೊದಲು ತಂದದ್ದು 5500. ಜೋಡಿಸಿ ಗುಂಡಿ ಒತ್ತಿದೆ. ಫ್ಯಾನ್ ತಿರುಗಿತು, ಬೋರ್ಡಿನ ದೀಪ ಹತ್ತಿತು, ಪರದೆಯ ಮೇಲೆ ಮಾತ್ರ ಏನೂ ಮೂಡಲಿಲ್ಲ. ಕೇಬಲ್ ಬದಲಿಸಿದೆ, ರ‍್ಯಾಮ್ ಕಿತ್ತು ಹಾಕಿದೆ, ರಾತ್ರಿ ಒಂದು ಗಂಟೆಯವರೆಗೆ ಬೋರ್ಡು ಸುಟ್ಟಿತೆಂದೇ ಕುಳಿತಿದ್ದೆ. 5500 ಎಂದರೆ 5600ಜಿಯದೇ ಚಿಪ್ಪು, ಗ್ರಾಫಿಕ್ಸ್ ಮುಚ್ಚಿಟ್ಟದ್ದು ಎಂದು ತಿಳಿದದ್ದು ಮರುದಿನ. ಅದನ್ನು ಹಿಂತಿರುಗಿಸಿ 5600ಜಿ ತಂದೆ. ಆರು ಕೋರ್, ಹನ್ನೆರಡು ಥ್ರೆಡ್ (ಒಂದೇ ಸಲಕ್ಕೆ ನಡೆಸಬಲ್ಲ ಕೆಲಸದ ಎಳೆ). ನಿಮ್ಮದರಲ್ಲಿರುವುದು ನಾಲ್ಕು ಕೋರ್, ನಾಲ್ಕೇ ಥ್ರೆಡ್.

ಜಿ ಇಲ್ಲದ 5600 ಇನ್ನೂ ಚುರುಕಲ್ಲವೇ ಎಂದು ಯಾರಾದರೂ ಹೇಳಿಯಾರು. ನಿಜವೇ. ಅದರಲ್ಲಿ 7 ನ್ಯಾನೋಮೀಟರಿನ ಕೋರ್ ತುಂಡು ಬೇರೆ, ಹೊರಗಿನೊಡನೆ ವ್ಯವಹರಿಸುವ 12 ನ್ಯಾನೋಮೀಟರಿನ ತುಂಡು ಬೇರೆ, ಎರಡನ್ನೂ ಒಂದೇ ಮುಚ್ಚಳದಡಿ ಕೂರಿಸಿದ್ದಾರೆ. ಎಲ್3 ಕ್ಯಾಶ್ 32 ಎಂಬಿ. 5600ಜಿಯಲ್ಲಿ ಎಲ್ಲವೂ ಒಂದೇ ತುಂಡು. ಗ್ರಾಫಿಕ್ಸ್‌ಗೂ ಅಲ್ಲೇ ಜಾಗ ಬೇಕಾದ್ದರಿಂದ ಕ್ಯಾಶ್ 16 ಎಂಬಿಗೆ ಇಳಿದಿದೆ. ಕ್ಯಾಶ್ ಎಂದರೆ ಪ್ರೊಸೆಸರ್ ಪಕ್ಕದಲ್ಲೇ ಇಟ್ಟುಕೊಳ್ಳುವ ಚುರುಕು ಮೆಮೊರಿ, ನೇಕಾರನ ಕೈಯಳತೆಯಲ್ಲಿ ಸುತ್ತಿಟ್ಟ ಕಂಡಿಕೆಯಂತೆ. ಅದು ತೀರಿದರೆ ಒಳಕೋಣೆಗೆ ಎದ್ದು ಹೋಗಬೇಕು. ಆಟ ಆಡುವವರಿಗೆ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಕೋರೆಲ್‌ಡ್ರಾದಲ್ಲಿ, ಕನ್ನಡ ಟೈಪ್ ಮಾಡುವ ನುಡಿ ತಂತ್ರಾಂಶದಲ್ಲಿ ನನಗೆ ಕಂಡಿಲ್ಲ.

ಇನ್ನು ರ‍್ಯಾಮ್. ಒಂದೇ ತುಂಡಿನಲ್ಲಿ ಓಡಿಸಬೇಡಿ. ಜಿ ಪ್ರೊಸೆಸರಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ರ‍್ಯಾಮಿನಿಂದಲೇ ಪಡೆಯುತ್ತದೆ. ಸರಿಯಾದ ಎರಡು ಸ್ಲಾಟ್‌ಗಳಲ್ಲಿ ಜೋಡಿ ಹಾಕಿದರೆ ಮೆಮೊರಿಗೆ ಹೋಗುವ ದಾರಿ ಇಮ್ಮಡಿಯಾಗುತ್ತದೆ. ಇನ್ನೊಂದು 8 ಜಿಬಿ ಸೇರಿಸಿದ ದಿನವೇ ದೊಡ್ಡ ನಕ್ಷೆಯನ್ನು ಹಿಗ್ಗಿಸಿ ಸರಿಸುವಾಗಿನ ತಡೆತ ನಿಂತಿತು. ನಿಮ್ಮ ಫ್ಲೆಕ್ಸ್ ಕೆಲಸಕ್ಕೂ ಇದು ಹೊಂದುತ್ತದೆ.

ಬೆಳಗಾವಿ, ಟಿಳಕವಾಡಿಯಿಂದ

ಮೇಲಿನವರು ಹೇಳಿದ್ದೆಲ್ಲ ಸರಿ. ಕೆಲಸದ ಕ್ರಮದ ಬಗ್ಗೆ ನಾನು ಹೇಳುತ್ತೇನೆ. ಎಂಟು ವರ್ಷಗಳಿಂದ ರಿಪೇರಿ ಮಾಡುತ್ತಿದ್ದೇನೆ.

ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಬಯಾಸ್ (ಬೋರ್ಡಿನಲ್ಲೇ ಇರುವ, ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ಹೊಸದು ಮಾಡಿಕೊಳ್ಳಿ. 2018ರ ಬಯಾಸ್‌ಗೆ 5600ಜಿ ಯಾರೆಂದೇ ಗೊತ್ತಿಲ್ಲ. ಬೋರ್ಡು ತಯಾರಕರ ತಾಣದಲ್ಲಿ ನಿಮ್ಮ ಮಾದರಿಯ ಪುಟ ತೆರೆದು, ಯಾವ ಆವೃತ್ತಿಯಿಂದ 5600ಜಿಗೆ ಬೆಂಬಲವಿದೆ, ನಡುವೆ ಬೇರೆ ಆವೃತ್ತಿ ಹಾಕಬೇಕೇ ಎಂದು ಓದಿ. ಯುಪಿಎಸ್ ಇಲ್ಲದೆ ಕೈಹಾಕಬೇಡಿ. ಬಯಾಸ್ ಬರೆಯುವಾಗ ಕರೆಂಟ್ ಹೋದರೆ ಬೋರ್ಡೇ ಹೋದೀತು.

ಪ್ರೊಸೆಸರನ್ನು ತಂಪಾಗಿಡುವ ಕೂಲರ್ ಬಿಚ್ಚುವಾಗ ಇನ್ನಷ್ಟು ಎಚ್ಚರಿಕೆ. ಎಎಂ4ರಲ್ಲಿ ಪಿನ್‌ಗಳಿರುವುದು ಬೋರ್ಡಿನಲ್ಲಲ್ಲ, ಪ್ರೊಸೆಸರಿನ ಹೊಟ್ಟೆಯಲ್ಲಿ, ಒಟ್ಟು 1331. ಎರಡರ ನಡುವೆ ಹಚ್ಚಿದ ಹಳೆಯ ಪೇಸ್ಟ್ ಒಣಗಿ ಗೋಂದಿನಂತೆ ಹಿಡಿದಿರುತ್ತದೆ. ಕೂಲರನ್ನು ನೇರ ಎತ್ತಿದರೆ ಸಾಕೆಟ್‌ನ ಹಿಡಿ ಹಾಕಿದ್ದರೂ ಪ್ರೊಸೆಸರ್ ಕಿತ್ತು ಬರಬಹುದು. ನನ್ನ ಕೈಯಲ್ಲೂ ಒಮ್ಮೆ ಹಾಗೆ ಬಂದಿತ್ತು, ಮೂಲೆಯ ನಾಲ್ಕು ಪಿನ್ ಒರಗಿದ್ದವು. ಮೆಕ್ಯಾನಿಕಲ್ ಪೆನ್ಸಿಲಿನ ಸೀಸ ತೆಗೆದು, ಅದರ ತೂತಿನ ತುದಿಯಲ್ಲಿ ಒಂದೊಂದೇ ಪಿನ್ ಸಿಕ್ಕಿಸಿ ನೆಟ್ಟಗೆ ನಿಲ್ಲಿಸಿದೆ. ಉಸಿರು ಬಿಗಿಹಿಡಿದು ಮಾಡಿದ ಕೆಲಸ. ಈಗ ಯಂತ್ರವನ್ನು ಹದಿನೈದು ನಿಮಿಷ ಓಡಿಸಿ, ಪೇಸ್ಟ್ ಮೆತ್ತಗಾದ ಮೇಲೆ ಆರಿಸಿ, ವೈರ್ ಕಳಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿಯೇ ಎತ್ತುತ್ತೇನೆ.

ಬಾಗಲಕೋಟೆ, ನವನಗರದಿಂದ

ನನ್ನದೂ 5600ಜಿ. ಮೇ ತಿಂಗಳ ಮಧ್ಯಾಹ್ನ ಫ್ಯಾನ್ ಸದ್ದು ತಡೆಯಲಾಗದೆ ಬಯಾಸ್‌ನಲ್ಲಿ ಪ್ರೊಸೆಸರಿನ 65 ವ್ಯಾಟ್ ವಿದ್ಯುತ್ ಮಿತಿಯನ್ನು 45ಕ್ಕೆ ಇಳಿಸಿದೆ. ಅದರ ಬಿಸಿ 85 ಡಿಗ್ರಿಯ ಆಸುಪಾಸು ಇದ್ದದ್ದು 70ಕ್ಕೆ ಬಂತು, ಕೆಲಸ ನಿಧಾನವಾದದ್ದು ಗೊತ್ತೇ ಆಗಲಿಲ್ಲ. ನಮ್ಮ ಕಡೆಯ ಬೇಸಿಗೆಗೆ ಇದನ್ನು ತಪ್ಪದೆ ಮಾಡಿ. ಧೂಳನ್ನೂ ತಿಂಗಳಿಗೊಮ್ಮೆ ಊದಿ ತೆಗೆಯಿರಿ.

ವಿಜಯಪುರದಿಂದ, ಮೂರು ವಾರಗಳ ನಂತರ

ಮೂವರಿಗೂ ಮನಸಾರೆ ವಂದನೆ. ಭಾನುವಾರ ಅಂಗಡಿ ಮುಚ್ಚಿದ್ದಾಗ ಬಯಾಸ್ ಮುಗಿಸಿ 5600ಜಿ ಕೂರಿಸಿದೆ. ಕೂಲರ್ ತಿರುಚಿದಾಗ ಟಪ್ ಎಂದು ಬಿಟ್ಟಿತು, ಪಿನ್ ಒಂದೂ ಬಾಗಲಿಲ್ಲ. ಬಯಾಸ್‌ನಲ್ಲಿ ಟಿಪಿಎಂ (ವಿಂಡೋಸ್ 11 ಕೇಳುವ ಭದ್ರತಾ ಸೌಲಭ್ಯ) ಬಂದ್ ಆಗಿತ್ತು, ಅದನ್ನು ಚಾಲೂ ಮಾಡಿದ ಮೇಲೆ ವಿಂಡೋಸ್ 11 ಒಪ್ಪಿಕೊಂಡಿತು. ರ‍್ಯಾಮ್ ಜೋಡಿಯೂ ಆಯಿತು. ಹಳೆಯ 2200ಜಿಯನ್ನು ಹೊಸ ಪ್ರೊಸೆಸರಿನ ಡಬ್ಬಿಯಲ್ಲಿಯೇ ಜೋಪಾನ ಮಾಡಿದ್ದೇನೆ. ಕಲಿಯುವ ಮಕ್ಕಳಿಗೆ ಯಾರಾದರೂ ಕಂಪ್ಯೂಟರ್ ಕಟ್ಟಿಕೊಡುವವರಿದ್ದರೆ ತಿಳಿಸಿ, ಹಾಗೆಯೇ ಕೊಡುತ್ತೇನೆ.