ಇಆರ್‌ಎ5-ಲ್ಯಾಂಡ್ ಡೇಟಾದಲ್ಲಿ ನಮ್ಮೂರ ಮಳೆ ಯಾಕೆ ಇಷ್ಟೊಂದು ಜಾಸ್ತಿ ತೋರಿಸ್ತಿದೆ?

ಪ್ರಶ್ನೆ: ಸರ್ ನಮಸ್ಕಾರ, ನಾನು ಮುಳಬಾಗಿಲು ಕಡೆಯವಳು, ಎಂಎಸ್ಸಿ ಪ್ರಾಜೆಕ್ಟಿಗೆ ರಾಗಿ ಹೊಲದ ಮಣ್ಣಿನ ತೇವ ನೋಡ್ತಿದ್ದೀನಿ. ಇಆರ್‌ಎ5-ಲ್ಯಾಂಡ್, ಅಂದ್ರೆ ಯುರೋಪಿನ ಹವಾಮಾನ ಕೇಂದ್ರ ಕಂಪ್ಯೂಟರ್ ಮಾಡೆಲ್‌ನಲ್ಲಿ ಲೆಕ್ಕ ಹಾಕಿ ಕೊಡೋ ಮಳೆ, ಮಣ್ಣಿನ ತೇವದ ಗಂಟೆಗೊಂದರಂತೆ ಇರೋ ಡೇಟಾ ಇಳಿಸ್ಕೊಂಡು ದಿನದ 24 ಗಂಟೆ ಮಳೆ ಕೂಡಿದ್ರೆ ನಮ್ ಕಡೆ ಯಾವತ್ತೂ ಬೀಳದಷ್ಟು ಮಳೆ ಬರ್ತಿದೆ. ಆಮೇಲೆ ತೇವ (ಮಣ್ಣಿನ ಗಾತ್ರದಲ್ಲಿ ನೀರಿನ ಪಾಲು) 0.2, 0.3 ಅಂತಿದೆಯಲ್ಲ, ಅದು ನಮ್ಮ ಹೊಲದ ತೇವ ಅಂತ ಬರೀಬಹುದಾ ಸರ್?

ಉತ್ತರ: ಮಳೆನ ಕೂಡ್ಲೇಬೇಡಮ್ಮ, ತುಂಬ ಜನ ಇಲ್ಲೇ ಎಡವೋದು. ಅದರಲ್ಲಿ ಪ್ರತಿ ಗಂಟೆ ನಂಬರ್ ಒಳಗೇ ಯುಟಿಸಿ (ಜಾಗತಿಕ ಸಮಯ) 00 ಗಂಟೆಯಿಂದ, ಅಂದ್ರೆ ನಮ್ಮ ಬೆಳಗ್ಗೆ 5:30ರಿಂದ ಬಿದ್ದ ಮಳೆಯೆಲ್ಲ ಸೇರ್ಕೊಂಡೇ ಬರುತ್ತೆ, ಮಾರನೇ ದಿನದ 00ರ ನಂಬರೇ ಪೂರ್ತಿ ದಿನದ್ದು, ಅದೊಂದನ್ನ ತಗೊಂಡು ಮೀಟರಲ್ಲಿ ಇರೋದ್ರಿಂದ 1000ದಿಂದ ಗುಣಿಸು, ಮಿಲಿಮೀಟರ್ ಸಿಗುತ್ತೆ. ಹವಾಮಾನ ಇಲಾಖೆ ಮಳೆ ಅಳೆಯೋದು ಬೆಳಗ್ಗೆ 8:30ಕ್ಕೆ, ಹೋಲಿಸೋಕೆ ಮುಂಚೆ ಆ ಮೂರು ಗಂಟೆ ಸರಿ ಮಾಡ್ಕೋ.

ತೇವದ ವಿಷಯಕ್ಕೆ ಬಂದ್ರೆ, ಇಲ್ಲ, ಹಂಗೆ ಬರೀಬೇಡ. ಈ ಡೇಟಾದ ಒಂದು ಚೌಕ 0.1 ಡಿಗ್ರಿ, ನಮ್ ಕಡೆ ಸುಮಾರು 11 ಕಿಲೋಮೀಟರ್, ಅದರೊಳಗೆ ಬೆಟ್ಟ, ಕೆರೆ, ಮಾವಿನ ತೋಪು, ರಾಗಿ ಹೊಲ ಎಲ್ಲಾ ಒಂದೇ ನಂಬರ್. ಅದೂ ಮಣ್ಣಲ್ಲಿ ಅಳೆದಿದ್ದಲ್ಲ, ಇಆರ್‌ಎ5 ಅನ್ನೋ ಅವರದೇ ಇನ್ನೊಂದು ಡೇಟಾದ ಮಳೆ, ಬಿಸಿಲು, ಗಾಳಿ ಕೊಟ್ಟು ಮಾಡೆಲ್ ಲೆಕ್ಕ ಹಾಕಿದ್ದು. ಅದೇ ಚೌಕದ ಅದೇ ತಿಂಗಳ 1991ರಿಂದ 2020ರ ಸರಾಸರಿ ತೆಗೆದು ಈ ವರ್ಷ ಅದಕ್ಕಿಂತ ಎಷ್ಟು ಕಮ್ಮಿ, ಎಷ್ಟು ಜಾಸ್ತಿ ಅಂತ ನೋಡು, ನಿನಗೆ ಕೆಲ್ಸಕ್ಕೆ ಬರೋದು ಅದು. ಮಣ್ಣಿನ ಮೊದಲ ಪದರ 7 ಸೆಂಟಿಮೀಟರ್, ಎರಡನೇದು 7ರಿಂದ 28ರವರೆಗೆ, ಎರಡನ್ನೂ ದಪ್ಪದ ಲೆಕ್ಕದಲ್ಲಿ, ಅಂದ್ರೆ 7ಕ್ಕೆ 21ರಂತೆ ಸೇರಿಸು, ಬರೀ ಅರ್ಧ ಅರ್ಧ ಮಾಡಿದ್ರೆ ತಪ್ಪಾಗುತ್ತೆ.

ಪ್ರಶ್ನೆ: ಕೆಸಿ ವ್ಯಾಲಿ ಯೋಜನೆಯ ನೀರು (ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು) ಬಂದು ಕೆರೆ ತುಂಬಿದ್ದು, ಬೋರ್‌ವೆಲ್ ಮಟ್ಟ, ಇವೆಲ್ಲ ಇದರಲ್ಲಿ ಕಾಣುತ್ತಾ ಸರ್?

ಉತ್ತರ: ಕಾಣಲ್ಲಮ್ಮ. ಕೆರೆಗೆ ತಂದು ಬಿಟ್ಟ ನೀರಿನ ಲೆಕ್ಕ ಮಾಡೆಲ್‌ಗೆ ಗೊತ್ತಿಲ್ಲ, ಡ್ರಿಪ್ ಹಾಕಿ ಟೊಮೆಟೊ ಬೆಳೆದ್ರೂ ಅದಕ್ಕೆ ಒಣ ನೆಲಾನೇ. ಅದರ ಮಣ್ಣು ಮುಗಿಯೋದೇ 289 ಸೆಂಟಿಮೀಟರಿಗೆ, ನಮ್ಮ ಜನ ಬೋರು ಕೊರೆಸೋದು ಸಾವಿರ ಅಡಿ ದಾಟಿ. ಅಂತರ್ಜಲ ಬೇಕಂದ್ರೆ ಅಂತರ್ಜಲ ಇಲಾಖೆಯ ಬಾವಿ ಅಳತೆ ಕೇಳಿ ತಗೋ. ರಾಗಿಗೆ ಮಳೆಯನ್ನೇ ನಂಬಿ ಬೆಳೆಯೋ ಹೊಲಾನೇ ಆರಿಸ್ಕೋ, ಅಲ್ಲಿ ಈ ಡೇಟಾ ಎಷ್ಟೋ ಮೇಲು.