ಪದಚರ್ಚೆ: ‘ಡಿಬಿ ಫುಲ್’ – ತುಂಬಿದ್ದು ಜಾಗವೋ, ಲೋಡೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯವರಿಗೆಂದು ಮನೆ ವೈರಿಂಗ್ ಬಗ್ಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಏಸಿ, ಇಂಡಕ್ಷನ್ ಒಲೆ, ಈಗ ಸ್ಕೂಟರ್ ಚಾರ್ಜರ್ ಅಂತ ಒಂದಲ್ಲ ಒಂದು ಮನೆಯಲ್ಲಿ ಹೊಸ ಪಾಯಿಂಟ್ ಹಾಕಿಸುವುದು ನಡೆದೇ ಇರುತ್ತದೆ. ಎಲೆಕ್ಟ್ರಿಷಿಯನ್ ಬಂದು, ಮನೆಗೆಲ್ಲ ಕರೆಂಟ್ ಹಂಚುವ ಪೆಟ್ಟಿಗೆಯ, ಅಂದರೆ ಡಿಬಿಯ (ಡಿಸ್ಟ್ರಿಬ್ಯೂಷನ್ ಬೋರ್ಡ್), ಮುಚ್ಚಳ ಬಿಚ್ಚಿ ನೋಡಿದವನೇ ‘ಡಿಬಿ ಫುಲ್ ಸಾರ್’ ಅನ್ನುತ್ತಾನೆ. ಆ ಒಂದು ಮಾತನ್ನು ಕನ್ನಡದಲ್ಲಿ ಬಿಡಿಸಿ ಬರೆಯಲು ಹೋಗಿ ಸಿಕ್ಕಿಕೊಂಡಿದ್ದೇನೆ.

‘ಡಿಬಿ’ ಬಗ್ಗೆ ನನಗೆ ತಕರಾರಿಲ್ಲ. ‘ವಿತರಣಾ ಫಲಕ’ ಎಂದು ಬರೆದರೆ ಅಂಗಡಿಯವನೂ ಕೊಡುವುದಿಲ್ಲ, ಕೆಲಸದವನೂ ತರುವುದಿಲ್ಲ. ತೊಂದರೆ ಇರುವುದು ‘ಫುಲ್’ನಲ್ಲಿ.

ಎರಡು ಬೇರೆ ಬೇರೆ ಪರಿಸ್ಥಿತಿಗೆ ನಮ್ಮವರು ಇದನ್ನೇ ಬಳಸುತ್ತಾರೆ. ಒಂದು, ಪೆಟ್ಟಿಗೆಯೊಳಗೆ ಇನ್ನೊಂದು ಎಂಸಿಬಿ (ಕರೆಂಟ್ ಮಿತಿ ಮೀರಿ ಹರಿದರೆ ತಾನೇ ಟ್ರಿಪ್ ಆಗುವ, ಅಂದರೆ ಆಫ್ ಆಗುವ ಸ್ವಿಚ್) ಕೂರಿಸಲು ಜಾಗವೇ ಇಲ್ಲ. ಸಿಂಗಲ್ ಪೋಲ್ ಎಂಸಿಬಿಗೆ ಸುಮಾರು 18 ಮಿ.ಮೀ. ಅಗಲ ಬೇಕು. ಎರಡು ಪೋಲಿನ ಐಸೊಲೇಟರ್ (ಮೇನ್ ಸ್ವಿಚ್), ಆರ್‌ಸಿಸಿಬಿ (ಕರೆಂಟ್ ಸೋರಿದರೆ ಆಫ್ ಆಗುವ ಸ್ವಿಚ್) ಒಂದೊಂದೂ ಅದರ ಎರಡರಷ್ಟು ನುಂಗುತ್ತವೆ. ಕಟ್ಟಿಸುವಾಗ ನಾಲ್ಕು ಕಾಸು ಉಳಿಸಲು ಚಿಕ್ಕ ಪೆಟ್ಟಿಗೆ ತಂದಿದ್ದರೆ ಗೃಹಪ್ರವೇಶದ ಹೊತ್ತಿಗೇ ಅದು ಭರ್ತಿ. ಇನ್ನೊಂದು, ಜಾಗ ಬೇಕಾದಷ್ಟಿದೆ, ಆದರೆ ವಿದ್ಯುತ್ ಕಂಪನಿಯಿಂದ ಆ ಮನೆಗೆ ಮಂಜೂರಾದ ಲೋಡ್ ಮುಗಿದಿದೆ. 5 ಕಿಲೋವ್ಯಾಟ್ ಮಂಜೂರಾಗಿದ್ದರೆ 230 ವೋಲ್ಟಿನಲ್ಲಿ ಸಿಗುವುದು ಸುಮಾರು 22 ಆಂಪಿಯರ್. 2 ಕಿಲೋವ್ಯಾಟಿನ ಗೀಸರ್, ಅಷ್ಟೇ ಎಳೆಯುವ ಇಂಡಕ್ಷನ್ ಒಲೆ, ಜೊತೆಗೆ ಒಂದೂವರೆ ಟನ್ ಏಸಿ ಒಟ್ಟಿಗೆ ಓಡಿದರೆ ಅಲ್ಲಿಗೆ ಮಿತಿ ದಾಟಿತು.

ಜಾಗವಷ್ಟೇ ಇಲ್ಲದಿದ್ದರೆ ದೊಡ್ಡ ಡಿಬಿ ಹಾಕಿಸಬಹುದು, ಇಲ್ಲವೇ ಪಕ್ಕದಲ್ಲೊಂದು ಸಬ್ ಡಿಬಿ ಇಡಬಹುದು. ಲೋಡ್ ಮುಗಿದ ಮನೆಗೆ ಸಬ್ ಡಿಬಿ ಇಟ್ಟು ಏನು ಬಂತು? ಹೊಸ ಎಂಸಿಬಿ ನೆಟ್ಟಗೆ ನಿಂತಿರುತ್ತದೆ, ಮೇನ್ ಎಂಸಿಬಿ ಟ್ರಿಪ್ ಆಗುತ್ತಿರುತ್ತದೆ. ಆದ್ದರಿಂದ ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಪದ ಇರಕೂಡದು. ಸದ್ಯಕ್ಕೆ ‘ಜಾಗ ಭರ್ತಿ’ ಮತ್ತು ‘ಲೋಡ್ ಮಿತಿ ಮುಟ್ಟಿದೆ’ ಎಂದು ಬರೆದುಕೊಂಡಿದ್ದೇನೆ. ‘ಭರ್ತಿ’ ಕೆರೆಗೂ ಬಸ್ಸಿಗೂ ಸಲ್ಲುವ ಮಾತು, ಡಿಬಿಗೂ ಸಲ್ಲೀತು.

‘ಲೋಡ್’ ಇದಕ್ಕಿಂತ ತುಂಟ ಪದ. ‘ಲೋಡ್ ಜಾಸ್ತಿ ಮಾಡಬೇಡಿ’ ಎಂದರೆ ಎಚ್ಚರಿಕೆ. ‘ಲೋಡ್ ಜಾಸ್ತಿ ಮಾಡಿಸಿ’ ಎಂದರೆ ವಿದ್ಯುತ್ ಕಂಪನಿಗೆ ಅರ್ಜಿ ಹಾಕಿ ಮಂಜೂರಾತಿ ಹೆಚ್ಚಿಸಿಕೊಳ್ಳಿ ಎಂಬ ಸಲಹೆ. ‘ಬೇಡ’ವನ್ನು ಬದಿಗಿಟ್ಟರೆ ಇವೆರಡನ್ನೂ ಬೇರೆ ಮಾಡುವುದು ಒಂದು ‘ಇಸು’ ಪ್ರತ್ಯಯ ಮಾತ್ರ. ಕರಡು ಓದಿದ ನೆರೆಯ ಹಿರಿಯರೊಬ್ಬರು ‘ಒಂದು ಕಡೆ ಮಾಡಿಸಿ ಅಂತೀರಿ, ಇನ್ನೊಂದು ಕಡೆ ಬೇಡ ಅಂತೀರಿ’ ಎಂದು ಗದರಿದರು. ಅರ್ಜಿಯ ಸಂದರ್ಭದಲ್ಲಿ ಪ್ರತಿ ಸಲವೂ ‘ಮಂಜೂರಾದ ಲೋಡ್’ ಎಂದೇ ಪೂರ್ತಿ ಬರೆಯುವುದು ವಾಸಿ ಅನಿಸಿದೆ.

ಹೊಸ ‘ಸರ್ಕಿಟ್’ಗೆ, ಅಂದರೆ ಡಿಬಿಯ ಒಂದು ಎಂಸಿಬಿಯಿಂದ ಹೊರಡುವ ವೈರಿಂಗಿಗೆ, ಏನನ್ನೋಣ? ಶಾಲೆಯ ‘ವಿದ್ಯುನ್ಮಂಡಲ’ ಬ್ಯಾಟರಿ–ಬಲ್ಬಿನ ಚಿತ್ರಕ್ಕೆ ಒಪ್ಪುತ್ತದೆ. ‘ಡಿಬಿಗೆ ಹೊಸ ಮಂಡಲ ಸೇರಿಸುವುದು’ ಎಂದರೆ ನಮ್ಮ ಮನೆಯಲ್ಲಿ 48 ದಿನದ ವ್ರತ ಅಂದುಕೊಂಡಾರು. ಬಾಯಿಮಾತಿನಲ್ಲಿ ಇರುವುದು ‘ಸಪರೇಟ್ ಲೈನ್ ಎಳೆಯೋದು’. ಸೊಗಸಾದ ಮಾತು, ಪೈಪಿನೊಳಗೆ ಸ್ಪ್ರಿಂಗ್ ಬಿಟ್ಟು ವೈರ್ ಎಳೆಯುವ ಕೆಲಸ ಕಣ್ಣಿಗೆ ಕಟ್ಟುತ್ತದೆ. ಆದರೆ ಕಂಬದ ಮೇಲಿನದೂ ಲೈನೇ, ಫೇಸ್ ವೈರಿಗೂ ಕೆಲವರು ಲೈನ್ ಅನ್ನುತ್ತಾರೆ. ‘ಲೈನ್ ಆಫ್ ಮಾಡಿ ಮುಚ್ಚಳ ತೆಗೆಯಿರಿ’ ಎಂದು ಬರೆದರೆ ಓದುಗ ಯಾವುದನ್ನು ಆಫ್ ಮಾಡಬೇಕು? ಡಿಬಿಯ ಮೇನ್ ಆಫ್ ಮಾಡಿದ ಮೇಲೂ ಮೀಟರಿನಿಂದ ಅದರ ತನಕ ಬರುವ ವೈರಿನಲ್ಲಿ ಕರೆಂಟ್ ಇದ್ದೇ ಇರುತ್ತದೆ. ಇಲ್ಲಿ ಪದ ಜಾರಿದರೆ ಕೈ ಸುಡುತ್ತದೆ. ಹಾಗಾಗಿ ‘ಸರ್ಕಿಟ್’ ಎಂದೇ ಇಡುವ ಮನಸ್ಸು. ಶಾರ್ಟ್ ಸರ್ಕಿಟ್ ಅನ್ನು ಪತ್ರಿಕೆಗಳು ಹೇಗೂ ಎಲ್ಲರಿಗೂ ಕಲಿಸಿವೆ.

ಜಾಗ ಇಲ್ಲದಾಗ ಕೇಳಿಬರುವ ಇನ್ನೊಂದು ಮಾತು ‘ಲೂಪ್ ಕೊಟ್ಬಿಡ್ತೀನಿ’. ಇದರಲ್ಲೂ ಎರಡು ಅರ್ಥ. ಎರಡು ಕೋಣೆಗಳ ಲೈಟ್–ಫ್ಯಾನ್ ಸರ್ಕಿಟ್‌ಗಳನ್ನು ಸರಿಯಾದ ಕನೆಕ್ಟರಿನಲ್ಲಿ ಕೂಡಿಸಿ ಒಂದೇ ಎಂಸಿಬಿಗೆ ತಂದು ಒಂದು ಜಾಗ ಬಿಡಿಸಿಕೊಳ್ಳುವುದು ಒಂದು. ಎಲ್‌ಇಡಿ ಬಂದ ಮೇಲೆ ಲೈಟುಗಳು ಎಳೆಯುವುದು ಕಡಿಮೆ, 6 ಆಂಪಿಯರ್ ಎಂಸಿಬಿಗೆ 1,380 ವ್ಯಾಟಿನ ತನಕ ಅವಕಾಶವಿದೆ, ಲೆಕ್ಕ ಹಾಕಿ ಮಾಡಿದರೆ ತಪ್ಪಿಲ್ಲ. ಲೈಟಿನ ಎಂಸಿಬಿಯ ಬಾಯಿಗೇ ಏಸಿಯ ದಪ್ಪ ವೈರನ್ನೂ ತುರುಕಿ, ಟ್ರಿಪ್ ಆಯಿತೆಂದು 20 ಆಂಪಿಯರಿನದನ್ನು ಹಾಕುವುದು ಇನ್ನೊಂದು. ಆಗ ಲೈಟಿನ 1.5 ಚದರ ಮಿ.ಮೀ. ವೈರ್ ಕಾದರೂ ಎಂಸಿಬಿ ಸುಮ್ಮನಿರುತ್ತದೆ. ಮೊದಲನೆಯದಕ್ಕೆ ‘ಕೂಡಿಸುವುದು’, ಎರಡನೆಯದಕ್ಕೆ ‘ತುರುಕುವುದು’ ಎಂದು ಬರೆದಿದ್ದೇನೆ. ಎರಡನೆಯದು ಒರಟು, ಒರಟಾಗಿಯೇ ಇರಲಿ.

ಉಳಿದದ್ದು ‘ವೇ’, ಅಂದರೆ ಡಿಬಿಯಲ್ಲಿ ಒಂದು ಎಂಸಿಬಿ ಕೂರುವ ಜಾಗ: ‘ಎಂಟು ವೇ ಡಿಬಿ’, ‘ಹನ್ನೆರಡು ವೇ ಡಿಬಿ’. ಚದುರಂಗಕ್ಕೆ, ಅಳಗುಳಿ ಮಣೆಗೆ ಇರುವಂತೆ ‘ಮನೆ’ ಅನ್ನೋಣ ಅಂದರೆ ‘ಹನ್ನೆರಡು ಮನೆಯ ಡಿಬಿ’ ಇಡೀ ವಠಾರಕ್ಕೆ ಒಂದೇ ಡಿಬಿ ಎಂಬಂತೆ ಕೇಳುತ್ತದೆ. ‘ಖಾನೆ’ ನನಗೆ ಹಿಡಿಸಿದೆ, ಆದರೆ ಯಾವ ಎಲೆಕ್ಟ್ರಿಷಿಯನ್ ಬಾಯಲ್ಲೂ ಕೇಳಿಲ್ಲ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ನಿಮ್ಮಲ್ಲಿ ವೈರಿಂಗ್ ಕೆಲಸದವರು ಏನನ್ನುತ್ತಾರೆಂದು ಒಮ್ಮೆ ಕೇಳಿ ತಿಳಿಸುತ್ತೀರಾ? ‘ಸಬ್ ಡಿಬಿ’ಗೆ ‘ಮರಿ ಡಿಬಿ’ ಎಂದು ಯಾರಾದರೂ ಅನ್ನುವುದಿದ್ದರೆ ಅದನ್ನೂ ಬರೆಯಿರಿ.