ಅಕ್ಟೋಬರಿನಲ್ಲಿ ಹುಟ್ಟಿದ ಹುಡುಗನಿಗೆ ಯಾವ ತಂಡ? ಅನುಭವ ಇದ್ದವರು ತಿಳಿಸಿ

ಪ್ರಶ್ನೆ – ವಿಜಯನಗರ, ಮೈಸೂರು

ನಮ್ಮ ಮಗ 2014ರ ಅಕ್ಟೋಬರಿನಲ್ಲಿ ಹುಟ್ಟಿದವನು. ಮೂರು ವರ್ಷದಿಂದ ಇಲ್ಲೇ ಫುಟ್‌ಬಾಲ್ ಆಡುತ್ತಿದ್ದಾನೆ. ಯಜಮಾನರ ಕೆಲಸದ ನಿಮಿತ್ತ 2026ರ ಜುಲೈನಲ್ಲಿ ನಾವು ಅಮೆರಿಕದ ನ್ಯೂಜೆರ್ಸಿಗೆ ಹೋಗಬೇಕಾಗಿದೆ. ಅಲ್ಲಿ ವಯೋಮಿತಿಯ ದಿನಾಂಕ ಅದೇ ವರ್ಷ ಬದಲಾಗುವುದರಿಂದ ಅವನು ಹನ್ನೆರಡರೊಳಗಿನ ತಂಡಕ್ಕೆ ಸೇರುತ್ತಾನೋ ಹದಿಮೂರರೊಳಗಿನ ತಂಡಕ್ಕೋ ಎಂಬುದು ಕ್ಲಬ್ಬಿನವರ ಮಾತಿನಿಂದ ನಮಗೆ ಸ್ಪಷ್ಟವಾಗಲಿಲ್ಲ. ಇಂಥ ಬದಲಾವಣೆಯನ್ನು ಕಂಡವರು ದಯವಿಟ್ಟು ತಿಳಿಸಿಕೊಡಬೇಕು.

ಉತ್ತರ – ಕುವೆಂಪುನಗರ, ಮೈಸೂರು

ಮೇಡಂ, ಮೊದಲು ನಿಮ್ಮ ಪ್ರಶ್ನೆಗೆ ನೇರ ಉತ್ತರ ಹೇಳಿಬಿಡುತ್ತೇನೆ: ಹನ್ನೆರಡರೊಳಗಿನ ತಂಡ. ಇಲ್ಲಿಯವರೆಗೆ ಅಲ್ಲಿ ಜನವರಿ 1ರಿಂದ ಡಿಸೆಂಬರ್ 31ರವರೆಗೆ ಹುಟ್ಟಿದ ಮಕ್ಕಳದು ಒಂದು ಗುಂಪಾಗಿತ್ತು. 2026-27ರಿಂದ ಅಲ್ಲಿನ ದೊಡ್ಡ ಮಕ್ಕಳ ಫುಟ್‌ಬಾಲ್ ಸಂಸ್ಥೆಗಳು ಆಗಸ್ಟ್ 1ರಿಂದ ಜುಲೈ 31ರ ಲೆಕ್ಕಕ್ಕೆ ಬರುತ್ತಿವೆ. ಹಳೆಯ ಲೆಕ್ಕವೇ ಉಳಿದಿದ್ದರೆ ನಿಮ್ಮ ಮಗ ಆ ವರ್ಷ ಹದಿಮೂರರೊಳಗಿನವನಾಗಿ ಹನ್ನೊಂದು ಜನರ ಪೂರ್ಣ ಮೈದಾನದಲ್ಲಿ, ಐದನೇ ನಂಬರ್ ಚೆಂಡಿನಲ್ಲಿ ಆಡಬೇಕಾಗುತ್ತಿತ್ತು. ಹೊಸ ಲೆಕ್ಕದಲ್ಲಿ 2014ರ ಆಗಸ್ಟಿನಿಂದ 2015ರ ಜುಲೈವರೆಗಿನ ಮಕ್ಕಳ ಜೊತೆ, ಒಂಬತ್ತು ಜನರ ಆಟದಲ್ಲಿ, ನಾಲ್ಕನೇ ನಂಬರ್ ಚೆಂಡಿನಲ್ಲಿ ಆಡುತ್ತಾನೆ. ಅದೂ ಗುಂಪಿನ ಹಿರಿಯರಲ್ಲಿ ಒಬ್ಬನಾಗಿ.

2021ರವರೆಗೆ ನಾವೂ ನ್ಯೂಜೆರ್ಸಿಯಲ್ಲಿಯೇ ಇದ್ದೆವು. ಇದರ ತದ್ವಿರುದ್ಧವಾದ ಬದಲಾವಣೆ, ಅಂದರೆ ಆಗಸ್ಟಿನಿಂದ ಜನವರಿಗೆ ಹೋದದ್ದು, 2016ರಲ್ಲಿ ನಮ್ಮ ಕ್ಲಬ್ಬಿಗೆ ಬಂದಾಗ ನಮ್ಮ ಮಗಳು ಅದಕ್ಕೆ ಸಿಕ್ಕಿಕೊಂಡಳು. ಅವಳು 2005ರ ಅಕ್ಟೋಬರಿನವಳು. ಹತ್ತರೊಳಗಿನ ಮೊದಲ ತಂಡದಲ್ಲಿ ತನ್ನ ತರಗತಿಯ ಗೆಳತಿಯರ ಜೊತೆ ಆಡುತ್ತಿದ್ದವಳು ಹನ್ನೊಂದನ್ನು ಕಾಣದೆಯೇ ನೇರ ಹನ್ನೆರಡರೊಳಗಿನ ಗುಂಪಿಗೆ ಬಂದಳು. ಆಯ್ಕೆಯ ದಿನ ಅವಳ ಬೆನ್ನಿಗೆ ನಲವತ್ತೇಳು ಎಂಬ ಕಾಗದದ ಸಂಖ್ಯೆಯನ್ನು ನಾನೇ ಪಿನ್ನು ಹಾಕಿ ಚುಚ್ಚಿದ್ದೆ. ಅಂಗಿ ಮೊಣಕಾಲು ಮುಟ್ಟುತ್ತಿತ್ತು. ಹಿಂದಿನ ವರ್ಷ ಗೋಲ್ ಕಿಕ್ ಹೊಡೆಯುವುದು ಅವಳ ಹೆಮ್ಮೆಯ ಕೆಲಸವಾಗಿತ್ತು; ಆ ದಿನ ಅವಳು ಹೊಡೆದ ಮೂರೂ ಚೆಂಡುಗಳು ಅರ್ಧ ದಾರಿಯಲ್ಲಿಯೇ ಇಳಿದು ಎದುರಾಳಿಯ ಕಾಲಿಗೆ ಸಿಕ್ಕವು. ಅವಳನ್ನು ಎರಡನೇ ತಂಡಕ್ಕೆ ಹಾಕಿದರು. ಹುಡುಗಿಯ ಆಟ ಒಂದು ಬೇಸಿಗೆಯಲ್ಲಿ ಕೆಟ್ಟಿತೇ ಎಂದು ನಾನು ಕೋಚ್ ಅವರನ್ನು ಕೇಳಿದೆ, ಸ್ವಲ್ಪ ಜೋರಾಗಿಯೇ ಕೇಳಿದೆ. ಅದು ಕೇಳಬೇಕಾದ ಪ್ರಶ್ನೆಯಲ್ಲ ಎಂದು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು.

ನಿಜವಾದ ತೊಂದರೆ ಬಂದದ್ದು 2019ರಲ್ಲಿ. ತಂಡದ ಹೆಚ್ಚಿನ ಹುಡುಗಿಯರು ಒಂಬತ್ತನೇ ತರಗತಿಗೆ ಹೋಗಿ, ಸೆಪ್ಟೆಂಬರಿನಿಂದ ತಮ್ಮ ತಮ್ಮ ಹೈಸ್ಕೂಲ್ ತಂಡಗಳಿಗೆ ಆಡತೊಡಗಿದಾಗ, ಎಂಟನೇ ತರಗತಿಯಲ್ಲಿದ್ದ ನಮ್ಮವಳಿಗೆ ಕ್ಲಬ್ಬಿನ ತಂಡವೂ ಇಲ್ಲ, ಶಾಲೆಯ ತಂಡವೂ ಇಲ್ಲ ಎಂಬಂತಾಯಿತು. ಅಲ್ಲಿ ಇಂಥ ಮಕ್ಕಳನ್ನು ‘ಟ್ರ್ಯಾಪ್ಡ್ ಪ್ಲೇಯರ್’ ಎನ್ನುತ್ತಾರೆ, ನಡುವೆ ಸಿಕ್ಕಿಕೊಂಡವರು. ಅವರನ್ನು ತಮ್ಮ ತರಗತಿಯವರ ಜೊತೆಗೇ ಇರಿಸಬೇಕೆಂಬುದು ಈಗಿನ ಬದಲಾವಣೆಗೆ ಒಂದು ಮುಖ್ಯ ಕಾರಣ. ಆದ್ದರಿಂದ ನಿಮ್ಮ ಮಗನಿಗೆ ಇದು ಒಳ್ಳೆಯದೇ. ಬೇಕೆಂದರೆ ಮೇಲಿನ ಗುಂಪಿನಲ್ಲಿ ಆಡಲು ಕ್ಲಬ್ಬುಗಳು ಸಾಮಾನ್ಯವಾಗಿ ಅವಕಾಶ ಕೊಡುತ್ತವೆ. ಕೆಳಗಿನ ಗುಂಪಿಗೆ ಇಳಿಸುವಂತಿಲ್ಲ. ನಾನಾಗಿದ್ದರೆ ಮೊದಲ ವರ್ಷ ಮೇಲೆ ಆಡಿಸುವಂತೆ ಕೇಳುತ್ತಿರಲಿಲ್ಲ: ಊರು ಹೊಸದು, ಶಾಲೆ ಹೊಸದು, ಸಹಪಾಠಿಗಳು ತಂಡದಲ್ಲಿದ್ದರೆ ಅರ್ಧ ಭಾರ ಇಳಿಯುತ್ತದೆ.

ಉತ್ತರ – ಮಂಡ್ಯ

ನಾನು ಪ್ರೌಢಶಾಲೆಯೊಂದರಲ್ಲಿ ದೈಹಿಕ ಶಿಕ್ಷಕನಾಗಿ ನಿವೃತ್ತನಾದವನು. ಮೇಲೆ ಬರೆದವರ ಲೆಕ್ಕ ಸರಿಯಾಗಿದೆ, ಆದರೆ ‘ಒಳ್ಳೆಯದೇ’ ಎಂಬ ಮಾತಿನ ಬಗ್ಗೆ ನನಗೆ ಸ್ವಲ್ಪ ಅನುಮಾನವಿದೆ.

ನಮ್ಮಲ್ಲಿ ಒಂದನೇ ತರಗತಿಗೆ ಸೇರಿಸುವುದು ಜೂನ್ 1ರ ಲೆಕ್ಕದಲ್ಲಿ, ಶಾಲಾ ಕ್ರೀಡಾಕೂಟದ ತಂಡ ಕಟ್ಟುವುದು ಹುಟ್ಟಿದ ಇಸವಿಯ ಲೆಕ್ಕದಲ್ಲಿ. ಹಾಗಾಗಿ ಒಂದೇ ಬೆಂಚಿನ ಇಬ್ಬರಲ್ಲಿ ಜನವರಿಯವನು ಹದಿನಾಲ್ಕರೊಳಗಿನ ತಂಡಕ್ಕೆ ಆಡಿ ಹೋಬಳಿ, ತಾಲ್ಲೂಕು ದಾಟಿ ಜಿಲ್ಲೆಗೆ ಹೋಗುತ್ತಾನೆ. ಅವನಿಗಿಂತ ಎರಡೇ ತಿಂಗಳು ದೊಡ್ಡವನಾದ ನವೆಂಬರಿನವನು ಹದಿನೇಳರೊಳಗಿನ ತಂಡಕ್ಕೆ ಹೋಗಿ ಮೀಸೆ ಬಂದ ಹುಡುಗರಿಗೆ ನೀರು ಹೊತ್ತು ಕೊಡುತ್ತಾನೆ. (ದಾಖಲಾತಿಯ ದಿನ ಮೇಷ್ಟ್ರೇ ಜನ್ಮದಿನಾಂಕ ಬರೆದುಕೊಳ್ಳುತ್ತಿದ್ದ ಕಾಲದಲ್ಲಿ ನಮ್ಮ ಕಡೆ ಅರ್ಧ ಊರು ಮೇ ತಿಂಗಳಿನಲ್ಲಿಯೇ ಹುಟ್ಟಿತ್ತು, ಆ ಕಥೆ ಬೇರೆ.) ನೀರು ಹೊತ್ತ ಅಂಥ ಹುಡುಗನೊಬ್ಬ ಎರಡು ವರ್ಷ ಮೈದಾನ ಬಿಡದೆ ಬಂದ. ಮೈಯ ಬಲದಲ್ಲಿ ಯಾರನ್ನೂ ತಳ್ಳಲಾಗದ ಕಾರಣಕ್ಕೇ ಚೆಂಡನ್ನು ಬೇಗ ಬಿಡುವುದನ್ನೂ ತಿರುಗುವುದನ್ನೂ ಕಲಿತ. ಹತ್ತನೇ ತರಗತಿಗೆ ಬರುವ ಹೊತ್ತಿಗೆ, ಹದಿನಾಲ್ಕರೊಳಗೆ ಗೋಲಿನ ಮೇಲೆ ಗೋಲು ಹೊಡೆದಿದ್ದ ಅವನ ಜನವರಿಯ ಗೆಳೆಯನಿಗಿಂತ ಇವನೇ ಮೇಲಾಗಿದ್ದ. ಎಲ್ಲರಿಗೂ ಹೀಗಾಗುವುದಿಲ್ಲ, ನೀರು ಹೊತ್ತವರಲ್ಲಿ ಹೆಚ್ಚಿನವರು ಬಿಟ್ಟೇ ಹೋಗುತ್ತಾರೆ ಎಂಬುದನ್ನೂ ಹೇಳಬೇಕು.

ಬೆಲ್ಜಿಯಂನಲ್ಲಿ 1997ರಲ್ಲಿ ದಿನಾಂಕವನ್ನು ಆಗಸ್ಟಿನಿಂದ ಜನವರಿಗೆ ಬದಲಿಸಿದಾಗ ವರ್ನರ್ ಹೆಲ್ಸೆನ್ ಎಂಬ ಸಂಶೋಧಕರು ಸಂಗಡಿಗರೊಡನೆ ಆಯ್ಕೆಯ ಪಟ್ಟಿಗಳನ್ನು ಪರಿಶೀಲಿಸಿದರು. ಅದುವರೆಗೆ ಆಗಸ್ಟಿನಿಂದ ಅಕ್ಟೋಬರ್‌ವರೆಗೆ ಹುಟ್ಟಿದವರೇ ತುಂಬಿದ್ದ ಕಡೆ, ಬದಲಾವಣೆಯಾದ ಮೇಲೆ ಜನವರಿಯಿಂದ ಮಾರ್ಚ್‌ವರೆಗಿನವರು ಹೆಚ್ಚಾದರು. ಅಂದರೆ ‘ಪ್ರತಿಭೆ’ ಎಂದು ಆರಿಸಿದ್ದರಲ್ಲಿ ಒಂದಷ್ಟು ಪಾಲು ಬರೀ ತಿಂಗಳುಗಳದು. ಆದ್ದರಿಂದ ಅಮ್ಮಾ, ನಿಮ್ಮ ಮಗ ಅಲ್ಲಿ ಮೊದಲ ತಂಡಕ್ಕೆ ಆಯ್ಕೆಯಾದರೆ ಸಂತೋಷಪಡಿ, ಆದರೆ ಅವನು ಗೆಲ್ಲುತ್ತಿರುವುದು ಓಟದಿಂದಲೋ ಕಾಲಿನ ಕೆಲಸದಿಂದಲೋ ಎಂದು ಗಮನಿಸಿ. ಓಟದಿಂದಲೇ ಆದರೆ ವಾರಕ್ಕೊಮ್ಮೆಯಾದರೂ ಅಭ್ಯಾಸವನ್ನು ಹದಿಮೂರರೊಳಗಿನವರ ಜೊತೆ ಮಾಡಿಸಿ, ಪಂದ್ಯ ತನ್ನ ಗುಂಪಿನಲ್ಲಿ ಆಡಲಿ.

ಉತ್ತರ – ಶ್ರೀರಂಗಪಟ್ಟಣ

ನನ್ನ ಅಕ್ಕನ ಮಗಳು ಅಲ್ಲಿಯೇ ಆಡುತ್ತಾಳೆ, 2015ರ ಫೆಬ್ರವರಿಯವಳು. ಹಳೆಯ ಲೆಕ್ಕದಲ್ಲೂ ಹೊಸ ಲೆಕ್ಕದಲ್ಲೂ ಅವಳ ಗುಂಪಿನ ಹೆಸರು ಒಂದೇ, 2026-27ರಲ್ಲಿ ಹನ್ನೆರಡರೊಳಗೇ ಆಡುತ್ತಾಳೆ, ಬದಲಾಗುವುದು ತಂಡ. 2015ರ ಆಗಸ್ಟಿನಿಂದ ಡಿಸೆಂಬರ್‌ವರೆಗಿನ ಗೆಳತಿಯರು ಹನ್ನೊಂದರೊಳಗಿನ ಗುಂಪಿನಲ್ಲಿಯೇ ಉಳಿಯುತ್ತಾರೆ, ಅವರ ಜಾಗಕ್ಕೆ 2014ರ ಕೊನೆಯವರು ಬರುತ್ತಾರೆ. ಗುಂಪಿಗೇ ದೊಡ್ಡವಳಾಗಿದ್ದವಳು ಈಗ ನಡುವಿನವಳು. ನಿಮ್ಮ ಮಗ ಸೇರುವ ತಂಡವೂ ಹೀಗೆಯೇ ಒಡೆದು ಕಟ್ಟಿದ್ದಾಗಿರುತ್ತದೆ. ಅಲ್ಲಿ ಅವನೊಬ್ಬನೇ ಹೊಸಬನಾಗಿರುವುದಿಲ್ಲ.

ಕುವೆಂಪುನಗರದಿಂದ ಮತ್ತೊಮ್ಮೆ

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ. ಅಭ್ಯಾಸ ಮೇಲಿನವರ ಜೊತೆ, ಪಂದ್ಯ ತನ್ನವರ ಜೊತೆ ಎಂಬುದು ನಮಗೆ ಆಗ ಹೊಳೆದಿರಲಿಲ್ಲ. ಮೇಡಂ, ಒಂದು ಕಾಗದದ ಕೆಲಸ ಬಾಕಿ ಇದೆ. ಹತ್ತು ತುಂಬಿದ ಮಗು ಇಲ್ಲಿನ ಫುಟ್‌ಬಾಲ್ ಫೆಡರೇಷನ್‌ನಲ್ಲಿ ನೋಂದಣಿಯಾಗಿದ್ದರೆ, ಅಲ್ಲಿ ಆಡಿಸುವ ಮೊದಲು ಅಂತರರಾಷ್ಟ್ರೀಯ ವರ್ಗಾವಣೆಯ ಅನುಮತಿ ಪಡೆಯಬೇಕು. ತಂದೆಯ ಉದ್ಯೋಗಕ್ಕಾಗಿ ಹೋಗುತ್ತಿರುವುದಕ್ಕೆ ಪುರಾವೆಯನ್ನೂ ಮಗುವಿನ ಹೆಸರಿರುವ ಜನನ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಳ್ಳಿ. ನಮ್ಮ ಮಗಳ ಪ್ರಮಾಣಪತ್ರದಲ್ಲಿ ಹೆಸರಿನ ಜಾಗ ಖಾಲಿ ಇತ್ತು. ಹಾಗಿದ್ದರೆ ಹೊರಡುವ ಮೊದಲೇ ಇಲ್ಲಿಯೇ ಹೆಸರು ಸೇರಿಸಿಕೊಂಡು ಹೋಗಿ.